ಕಜ್ಜಿನಾಯಿ ಅನ್ನೋ ಬೈಗುಳದೊಳಗಿನ ನಾಲ್ಕು ಕಾಯಿಲೆ

ಈ ಸಲ ಮಳೆ ಹಿಡಿದಾಗಿನಿಂದ ಸಂತೆಯಲ್ಲಿ, ಡೇರಿ ಹತ್ರ, ಮದುವೆ ಮನೆಯಲ್ಲಿ ಸಿಕ್ಕವರೆಲ್ಲ ಒಂದೇ ಕೇಳ್ತಿದ್ದಾರೆ. ತೋಟದ ನಾಯಿ ರಾತ್ರಿಯೆಲ್ಲ ಕೆರ್ಕೊಳ್ತದೆ, ಕೂದಲು ಉದುರ್ತಿದೆ, ಹೊಂಗೆ ಎಣ್ಣೆ ಹಚ್ಚಿ ಆಯ್ತು, ಗಂಧಕ ಹಚ್ಚಿ ಆಯ್ತು, ಸೂಜಿನೂ ಹಾಕಿಸಿ ಆಯ್ತು, ಹದಿನೈದು ದಿನ ಸುಮ್ಮನಿದ್ದು ಮತ್ತೆ ಅದೇ ಕಥೆ, ಏನ್ಮಾಡೋದು ಅಂತ. ಒಬ್ಬೊಬ್ಬರಿಗೂ ಬಿಡಿಯಾಗಿ ಹೇಳೋ ಬದಲು ಈ ನವೆಗೆ ಮನುಷ್ಯ ಎರಡು ಸಾವಿರ ವರ್ಷದಿಂದ ಏನೇನು ಮಾಡ್ತಾ ಬಂದ ಅನ್ನೋದನ್ನ ಬರೆದುಬಿಡೋಣ ಅನ್ನಿಸ್ತು. ಉತ್ತರ ಆ ಚರಿತ್ರೆಯಲ್ಲೇ ಇದೆ. ಸ್ವಲ್ಪ ಉದ್ದ ಆಗ್ತದೆ, ಬಿಡುವಾದಾಗ ಓದಿ.

ನಮ್ಮ ಮದ್ದೂರು ತಾಲ್ಲೂಕಿನ ಆತಕೂರು ಶಾಸನ ಗೊತ್ತಲ್ಲ? ಕ್ರಿ.ಶ. 949-950ರ ಕಲ್ಲು. ತಕ್ಕೋಲದಲ್ಲಿ ಚೋಳರ ಮೇಲೆ ರಾಷ್ಟ್ರಕೂಟ ಮೂರನೇ ಕೃಷ್ಣ, ಗಂಗ ಬೂತುಗ ಸೇರಿ ಯುದ್ಧ ಗೆದ್ದ ಕಾಲ. ಮಣಲೇರ ಅನ್ನೋ ವೀರ ಚೆನ್ನಾಗಿ ಕಾದಾಡಿದ, ಏನು ಬೇಕೋ ಕೇಳು ಅಂದ್ರು. ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿ ಅನ್ನೋ ಬೇಟೆನಾಯಿ ಕೇಳಿ ಇಸ್ಕೊಂಡ. ಆ ಕಾಳಿ ಒಂದು ದೊಡ್ಡ ಹಂದಿ ಮೇಲೆ ಬಿದ್ದು ಎರಡೂ ಸತ್ತವು. ನಾಯಿಗೆ ಕಲ್ಲು ನೆಡಿಸಿ, ಆ ಕಲ್ಲಿನ ಪೂಜೆಗೆ ಭೂಮಿ ಬಿಟ್ಟರು. ಪೂಜೆ ಮಾಡದೆ ಉಣ್ಣೋ ಗೊರವನಿಗೆ ನಾಯಿಯ ಪಾಪ ಅಂತ ಬರೆಸಿದರು. ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ.

ಇಂಥ ನಾಡಿನಲ್ಲೇ ನಾಯಿ ಕಾಯಿಲೆಗೆ ಸಿಕ್ಕ ಜಾಗ ಕಮ್ಮಿ. ಹಸುವಿಗೆ ಅಂತಲೇ ಕೀರ್ತಿವರ್ಮನ ‘ಗೋವೈದ್ಯ’ ಕನ್ನಡದಲ್ಲಿ ಬಂತು. ಕುದುರೆಗೆ ಅಶ್ವವೈದ್ಯ ಬಂತು. ಚಾಲುಕ್ಯ ಮೂರನೇ ಸೋಮೇಶ್ವರ ಸುಮಾರು 1130ರ ಹೊತ್ತಿಗೆ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ನಾಯಿಯ ಭಾಗವೇ ಒಂದಿದೆ, ಆದರೆ ಅದಿರೋದು ರಾಜನ ವಿನೋದಗಳ ಸಾಲಿನಲ್ಲಿ. ಹಾಲು ಕೊಡೋದಕ್ಕೆ, ಸವಾರಿ ಹೊರೋದಕ್ಕೆ ವೈದ್ಯ. ಕಾವಲು ಕಾಯೋದಕ್ಕೆ ಕೈಗೆ ಸಿಕ್ಕಿದ ಎಣ್ಣೆ. ಕೆರೆದು ಕೆರೆದು ಚರ್ಮ ಬೋಳಾದರೆ ಅದಕ್ಕೊಂದು ಹೆಸರು, ಕಜ್ಜಿನಾಯಿ. ಆಮೇಲೆ ಅದು ಮನುಷ್ಯರನ್ನು ಬಯ್ಯೋ ಮಾತಾಯ್ತು.

ತೊಂದರೆ ಶುರುವಾಗೋದು ಆ ಹೆಸರಿನಿಂದಲೇ. ಕಜ್ಜಿ ಅಂದುಬಿಟ್ಟರೆ ಒಂದೇ ಕಾಯಿಲೆ ಅನ್ನಿಸ್ತದೆ, ಒಂದೇ ಕಾಯಿಲೆ ಅಂದಮೇಲೆ ಒಂದೇ ಮದ್ದು ಸಾಕು ಅನ್ನಿಸ್ತದೆ. ನಾವು ಮಾತ್ರ ಹೀಗಲ್ಲ, ಯುರೋಪಿನವರೂ ಹೀಗೇ ಇದ್ದರು. ಕ್ರಿಸ್ತಪೂರ್ವ ಎರಡನೇ ಶತಮಾನದಲ್ಲಿ ರೋಮಿನ ಕೇಟೋ ಬೇಸಾಯದ ಪುಸ್ತಕ ಬರೆದ. ಅದರಲ್ಲಿ ಕುರಿ ಕಜ್ಜಿಗೆ ಒಂದು ಮದ್ದಿದೆ. ಆಲಿವ್ ಎಣ್ಣೆ ಗಾಣದ ಗಸಿ, ಲುಪಿನ್ ಕಾಳು ಬೇಯಿಸಿದ ನೀರು, ದ್ರಾಕ್ಷಾರಸದ ಚರಟ, ಮೂರನ್ನೂ ಸಮ ಬೆರೆಸಿ ಉಣ್ಣೆ ಕತ್ತರಿಸಿದ ಮೇಲೆ ಬಳಿಯೋದು, ಎರಡು ಮೂರು ದಿನ ಬೆವರಲು ಬಿಟ್ಟು ಸಮುದ್ರದ ನೀರಲ್ಲಿ ತೊಳೆಯೋದು. ಸಮುದ್ರ ಹತ್ರ ಇಲ್ಲದಿದ್ದರೆ ಉಪ್ಪು ನೀರು. ಗಾಣದ ಗಸಿನ ಚೆಲ್ಲದೆ ಮದ್ದಿಗೆ ಬಳಸೋ ಬುದ್ಧಿ ನೋಡಿ, ಪಕ್ಕಾ ರೈತನದು. ಅವನ ಮೇಲೆ ಇನ್ನೂರು ವರ್ಷ ಕಳೆದು ಕೊಲುಮೆಲ್ಲ ಅನ್ನೋನು ನಾಯಿಗೇ ಅಂತ ಬರೆದ. ಎಳ್ಳು ಅರೆದ ಮದ್ದನ್ನು ಮರದ ಟಾರಿನಲ್ಲಿ ಕಲಸಿ ಹಚ್ಚಿ, ಇದು ಮನುಷ್ಯರಿಗೂ ಆಗ್ತದಂತೆ ಅಂತ. ನೊಣ ಕಚ್ಚಿ ನಾಯಿ ಕಿವಿ ಹುಣ್ಣಾಗದ ಹಾಗೆ ಬೇಸಿಗೆಯಲ್ಲಿ ಕಹಿ ಬಾದಾಮಿ ಅರೆದು ತಿಕ್ಕಿ ಅಂತಲೂ ಹೇಳ್ತಾನೆ. ನಮ್ಮ ಹೊಂಗೆ ಎಣ್ಣೆ, ಬೇವಿನ ಎಣ್ಣೆ, ಗಂಧಕ ಎಲ್ಲ ಇದೇ ಜಾತಿ. ಜಿಡ್ಡು ಒಂದು, ಅದರ ಜೊತೆ ಹುಳಕ್ಕೆ ಆಗದ ಕಹಿಯೋ ಘಾಟೋ ಒಂದು.

ಹಳಬರ ಮದ್ದು ಸುಳ್ಳು ಅಂತ ನಾನು ಹೇಳ್ತಿಲ್ಲ. ಗಂಧಕ ನುಸಿಯನ್ನು ನಿಜವಾಗಿಯೂ ಕೊಲ್ತದೆ. ದ್ರಾಕ್ಷಿಗೆ ಬೂದಿರೋಗಕ್ಕೆ, ಗಿಡದ ನುಸಿಗೆ ನಾವು ಗಂಧಕ ಹೊಡೆಯಲ್ವಾ? ಸುಣ್ಣ ಗಂಧಕದ ದ್ರಾವಣವನ್ನು ನಾಯಿ ಕಜ್ಜಿಗೆ ಪಶುವೈದ್ಯರು ಇವತ್ತಿಗೂ ಬಳಸ್ತಾರೆ. ವಾಸಿಯಾದ ನಾಯಿಗಳೂ ಇದ್ದವು, ಅದಕ್ಕೇ ಮದ್ದು ಉಳಿದುಬಂತು. ವಾಸಿಯಾಗದ ನಾಯಿ ಯಾಕೆ ವಾಸಿಯಾಗಲಿಲ್ಲ ಅಂತ ಯಾರೂ ಕೇಳಲಿಲ್ಲ, ಅಷ್ಟೆ.

ಕೇಳುವ ದಾರಿ ತೆರೆದದ್ದು ಇಟಲಿಯ ಲಿವೋರ್ನೊ ಬಂದರಿನಲ್ಲಿ, 1687ರಲ್ಲಿ. ಬೊನೊಮೊ ಅನ್ನೋ ವೈದ್ಯ ಮತ್ತು ಚೆಸ್ಟೋನಿ ಅನ್ನೋ ಔಷಧಿ ಮಾರುವವನು. ಕಜ್ಜಿ ಹತ್ತಿದ ಮಕ್ಕಳ ಕೈಯಿಂದ ತಾಯಂದಿರು, ಅಲ್ಲಿನ ಸೆರೆಮನೆಯಲ್ಲಿ ಗುಲಾಮರು ಒಬ್ಬರಿಗೊಬ್ಬರು, ಸೂಜಿ ಮೊನೆಯಲ್ಲಿ ಏನನ್ನೋ ಎತ್ತಿ ಉಗುರ ಮೇಲೆ ಒರೆಸಿ ಚಿಟಕ್ ಅನ್ನಿಸ್ತಿದ್ದರು. ಇವರು ಅದನ್ನೇ ಇಸ್ಕೊಂಡು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರು. ಆಮೆ ಥರದ ಮೈಯ ಪುಟ್ಟ ಜೀವ, ಓಡಾಡ್ತಿದೆ, ಮೊಟ್ಟೆನೂ ಇಡ್ತಿದೆ. ಕಜ್ಜಿ ರಕ್ತ ಕೆಟ್ಟು ಬರೋದಲ್ಲ, ಈ ನುಸಿ ಚರ್ಮದೊಳಗೆ ಬಿಲ ತೋಡೋದರಿಂದ ಬರ್ತದೆ ಅಂತ ಬರೆದರು. ಕಣ್ಣಿಗೆ ಕಾಣದ ಜೀವಿಯಿಂದ ಕಾಯಿಲೆ ಬರ್ತದೆ ಅಂತ ತೋರಿಸಿದ ಮೊದಲ ಬರಹಗಳಲ್ಲಿ ಇದೊಂದು. ದೊಡ್ಡ ವೈದ್ಯರು ಒಪ್ಪಲಿಲ್ಲ. ರಕ್ತದ ದೋಷ, ಪಿತ್ತದ ದೋಷ ಅಂತಲೇ ಇನ್ನೂ ನೂರೈವತ್ತು ವರ್ಷ ನಡೀತು. 1812ರಲ್ಲಿ ಪ್ಯಾರಿಸ್ಸಿನಲ್ಲಿ ಗಾಲೆಸ್ ಅನ್ನೋನು ನುಸಿ ತೋರಿಸ್ತೀನಿ ಅಂತ ಚೀಸಿನಲ್ಲಿ ಬೆಳೆಯೋ ನುಸಿ ತೋರಿಸಿ ಹೆಸರು ಮಾಡಿದ, ಆಮೇಲೆ ಸಿಕ್ಕಿಬಿದ್ದ, ಅದರಿಂದ ನಿಜವಾದ ನುಸಿ ಮೇಲಿನ ನಂಬಿಕೆಯೂ ಹೋಯ್ತು. ಕೊನೆಗೆ 1834ರಲ್ಲಿ ಅದೇ ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ರೆನೂಚಿ ಅನ್ನೋ ವಿದ್ಯಾರ್ಥಿ ಎಲ್ಲರೆದುರು ಸೂಜಿಯಿಂದ ನುಸಿ ಎತ್ತಿ ತೋರಿಸಿದ. ಎಲ್ಲಿ ಕಲಿತೆ ಅಂದ್ರೆ, ನಮ್ಮ ಕಾರ್ಸಿಕಾ ದ್ವೀಪದಲ್ಲಿ ಬಡ ಹೆಂಗಸರು ದಿನಾ ಮಾಡೋದೇ ಇದು ಅಂದ. ನನಗೆ ಈ ಇಡೀ ಕಥೆಯಲ್ಲಿ ಬಹಳ ಇಷ್ಟವಾದ ಭಾಗ ಇದು.

ನುಸಿ ಅಂದ್ರೆ ತೆಂಗು ಬೆಳೆಯೋರಿಗೆ ಹೇಳಬೇಕಿಲ್ಲ. 1998ರಲ್ಲಿ ಕೇರಳದಲ್ಲಿ ಕಂಡು ಆಮೇಲೆ ನಮ್ಮ ಕಾಯಿಗಳನ್ನೂ ಸೊಟ್ಟ ಮಾಡಿದ್ದು ಇದರದೇ ದಾಯಾದಿ. ನಾಯಿಗೆ ಹತ್ತೋದರಲ್ಲಿ ಎರಡು ಬಗೆ ಮುಖ್ಯ. ಒಂದು ಬಿಲ ತೋಡೋದು. ಇದರದು ಭಯಂಕರ ನವೆ, ಕಿವಿಯ ಅಂಚು, ಮೊಣಕೈ, ಹಿಂಗಾಲಿನ ಹಿಮ್ಮಡಿ ಗಂಟಿನಿಂದ ಶುರು. ನಾಯಿಯಿಂದ ನಾಯಿಗೆ ಹತ್ತುತ್ತೆ, ಎತ್ತಿಕೊಂಡ ಮಕ್ಕಳ ಹೊಟ್ಟೆ ಮೇಲೆ, ಕೈ ಮೇಲೆ ಗುಳ್ಳೆ ಏಳುತ್ತೆ. ಇನ್ನೊಂದು 1840ರ ದಶಕದಲ್ಲಿ ಗೊತ್ತಾದ ಡೆಮೊಡೆಕ್ಸ್, ಕೂದಲ ಬುಡದಲ್ಲಿ ವಾಸ, ನೋಡೋಕೆ ಸಿಗಾರಿನ ಥರ ಉದ್ದಕ್ಕೆ. ಆರೋಗ್ಯವಾಗಿರೋ ನಾಯಿಯಲ್ಲೂ ಒಂದಷ್ಟು ಇರ್ತವೆ, ತಾಯಿ ಹಾಲು ಕುಡಿಸುವಾಗ ಮರಿಗೆ ಬರ್ತವೆ. ಮರಿಯ ಶಕ್ತಿ ಕುಂದಿದರೆ ಕಣ್ಣು ಬಾಯಿ ಸುತ್ತ, ಮುಂಗಾಲಿನಲ್ಲಿ ಕೂದಲು ಬಿಲ್ಲೆ ಬಿಲ್ಲೆಯಾಗಿ ಉದುರುತ್ತೆ. ಮೊದಮೊದಲು ನವೆಯೇ ಇರಲ್ಲ, ಇನ್ನೊಂದು ದೊಡ್ಡ ನಾಯಿಗೆ ಹತ್ತೋದೂ ಇಲ್ಲ. ಎರಡನ್ನೂ ನಾವು ಕರೆಯೋದು ಕಜ್ಜಿ ಅಂತಲೇ.

ಹುಳ ಅಂತ ಗೊತ್ತಾದ ಮೇಲೆ ಹುಳ ಕೊಲ್ಲೋ ಕಾಲ ಬಂತು. 1852ರಲ್ಲಿ ಇಂಗ್ಲೆಂಡಿನ ವಿಲಿಯಂ ಕೂಪರ್ ಪಾಷಾಣ ಮತ್ತು ಗಂಧಕ ಸೇರಿಸಿ ಕುರಿ ಅದ್ದೋ ಪುಡಿ ಮಾರಿದ. ಆಮೇಲೆ 1940ರ ದಶಕದಲ್ಲಿ ಡಿಡಿಟಿ, ಗ್ಯಾಮಾಕ್ಸಿನ್. ನಲವತ್ತು ದಾಟಿದವರಿಗೆ ಗ್ಯಾಮಾಕ್ಸಿನ್ ಪುಡಿಯ ವಾಸನೆ ಈಗಲೂ ನೆನಪಿರ್ತದೆ. ಬದನೆ ಗಿಡಕ್ಕೆ ಉದುರಿಸಿ ಮಿಕ್ಕಿದ್ದನ್ನ ನಾಯಿ ಬೆನ್ನಿಗೆ ತಿಕ್ಕೋದು. ನಾಯಿ ಮೈ ನೆಕ್ಕೋ ಪ್ರಾಣಿ, ಹಚ್ಚಿದ್ದು ಹೊಟ್ಟೆಗೆ ಹೋಗ್ತದೆ ಅನ್ನೋದು ಯಾರ ತಲೆಗೂ ಬರ್ತಿರಲಿಲ್ಲ. ಬಿಎಚ್‌ಸಿ ಅನ್ನೋ ಆ ಪುಡಿಯನ್ನು ನಮ್ಮ ದೇಶ 1997ರಲ್ಲಿ ನಿಷೇಧಿಸಿತು. ಅದು ಹೋದ ಜಾಗಕ್ಕೆ ಕೆಲವು ಕಡೆ ಗಾಡಿಯ ಸುಟ್ಟ ಆಯಿಲ್ ಬಂದಿದೆ. ಅದೂ ಚರ್ಮ ಸುಡ್ತದೆ, ನೆಕ್ಕಿದರೆ ವಿಷ.

ಒಳ್ಳೆ ಮದ್ದು ಬಂದದ್ದು ಮಣ್ಣಿನಿಂದ. ಜಪಾನಿನ ಸತೋಶಿ ಓಮುರಾ ಊರೂರಿನ ಮಣ್ಣು ಚೀಲದಲ್ಲಿ ತುಂಬಿಕೊಂಡು ಬಂದು ಅದರೊಳಗಿನ ಜೀವಾಣು ಬೆಳೆಸಿ ನೋಡ್ತಿದ್ದರು. ಕವಾನಾ ಅನ್ನೋ ಕಡಲತೀರದ ಗಾಲ್ಫ್ ಮೈದಾನದ ಪಕ್ಕದ ಮಣ್ಣಿನಲ್ಲಿ ಸಿಕ್ಕ ಒಂದು ಜೀವಾಣುವಿನಿಂದ ಅಮೆರಿಕದ ವಿಲಿಯಂ ಕ್ಯಾಂಪ್‌ಬೆಲ್ ತಂಡ ಐವರ್ಮೆಕ್ಟಿನ್ ತಯಾರಿಸಿತು. 1981ರಲ್ಲಿ ಜಾನುವಾರುಗಳಿಗೆ ಬಂತು, 2015ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ನುಸಿ ಕಜ್ಜಿಗೆ ಇದು ಯಾವ ಎಣ್ಣೆಗೂ ಸಾಟಿಯಿಲ್ಲದ ಮದ್ದಾಯ್ತು. ಆದರೆ ಕಾಲಿ ಅನ್ನೋ ಕುರಿಕಾಯೋ ವಿದೇಶಿ ತಳಿಯ ನಾಯಿಗಳು ಇದರಿಂದ ಮಂಪರು ಬಂದು ಸಾಯತೊಡಗಿದವು. ಮಿದುಳಿಗೆ ಮದ್ದು ನುಗ್ಗದ ಹಾಗೆ ತಡೆಯೋ ವಂಶವಾಹಿ ಆ ತಳಿಯಲ್ಲಿ ಕೆಟ್ಟಿದೆ ಅಂತ 2001ರಲ್ಲಿ ಗೊತ್ತಾಯ್ತು. ಈಗ ನಮ್ಮ ಊರುಗಳಲ್ಲೂ ಬೆರಕೆ ತಳಿ ಜಾಸ್ತಿ, ಯಾವುದರ ರಕ್ತ ಯಾವುದರಲ್ಲಿದೆಯೋ ಹೇಳೋಕಾಗಲ್ಲ. ಎಮ್ಮೆಗೆ ತಂದ ಸೂಜಿಮದ್ದನ್ನ ಅಂದಾಜಿನಲ್ಲಿ ನಾಯಿಗೆ ಚುಚ್ಚೋದು ಆ ಕಾರಣಕ್ಕೆ ದೊಡ್ಡ ಅಪಾಯ.

ಇಲ್ಲಿವರೆಗೆ ನುಸಿಯ ಮಾತಾಯ್ತು. ನುಸಿಯೆಲ್ಲ ಸತ್ತ ಮೇಲೂ ಕೆರೆಯೋ ನಾಯಿ?

ಅದರ ಸುಳಿವು ಸಿಕ್ಕಿದ್ದು ಕಜ್ಜಿಗೆ ಸಂಬಂಧವೇ ಇಲ್ಲದ ಕಡೆ, ಸಮುದ್ರದ ಮೇಲೆ, ಅದೂ ಒಂದು ನಾಯಿಯ ಪ್ರಾಣ ತಗೊಂಡು. 1901ರಲ್ಲಿ ಮೊನಾಕೋದ ರಾಜನ ಹಡಗಿನಲ್ಲಿ ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ಟಿಯೇ ಅಂಬಲಿಮೀನಿನಂಥ ಒಂದು ಜೀವಿಯ ವಿಷದ ಮೇಲೆ ಕೆಲಸ ಶುರುಮಾಡಿದರು. ಪ್ಯಾರಿಸ್ಸಿಗೆ ಬಂದಮೇಲೆ ಸಮುದ್ರಹೂವಿನ ವಿಷ ಹಿಡಿದರು. ಸ್ವಲ್ಪ ಸ್ವಲ್ಪ ಕೊಟ್ಟರೆ ನಾಯಿಗೆ ಅಭ್ಯಾಸವಾಗಿ ತಡ್ಕೊಳ್ತದೆ ಅನ್ನೋ ಲೆಕ್ಕ. ನೆಪ್ಚೂನ್ ಅನ್ನೋ ಗಟ್ಟಿಮುಟ್ಟಾದ ನಾಯಿ ಮೊದಲ ಸಲ ಏನೂ ಆಗದೆ ಓಡಾಡ್ಕೊಂಡಿತ್ತು. ಕೆಲವು ವಾರ ಬಿಟ್ಟು ಮತ್ತೆ ಅಷ್ಟೇ ಸ್ವಲ್ಪ ಕೊಟ್ಟರು. ಏದುಸಿರು ಬಿಟ್ಟು, ವಾಂತಿ ಮಾಡಿ, 25 ನಿಮಿಷದಲ್ಲಿ ಸತ್ತಿತು. ಅಂದ್ರೆ ಮೈಯ ಕಾವಲು ವ್ಯವಸ್ಥೆ ಒಮ್ಮೆ ಕಂಡಿದ್ದನ್ನ ಶತ್ರು ಅಂತ ನೆನಪಿಟ್ಟುಕೊಂಡು ಎರಡನೇ ಸಲ ಅತಿಯಾಗಿ ಕೆರಳಬಹುದು. 1906ರಲ್ಲಿ ವಿಯೆನ್ನಾದ ಫಾನ್ ಪಿರ್ಕೆ ಇಂಥ ಬದಲಾದ ಕೆರಳಿಕೆಗೆ ಅಲರ್ಜಿ ಅಂತ ಹೆಸರಿಟ್ಟ. ಈಗ ಎಲ್ಲದಕ್ಕೂ ಅಲರ್ಜಿ ಅಂತೀವಲ್ಲ, ಆ ಪದಕ್ಕೆ ಇನ್ನೂ ಇನ್ನೂರು ವರ್ಷವೂ ಆಗಿಲ್ಲ.

ನಾಯಿಗೂ ಮನುಷ್ಯರ ಹಾಗೆ ತಾನಾಗೇ ಅಲರ್ಜಿ ಬರ್ತದೆ ಅಂತ ವಿವರವಾಗಿ ಬರೆದದ್ದು 1941ರಲ್ಲಿ, ಅಮೆರಿಕದ ವಿಟ್ಟಿಕ್ ಅನ್ನೋ ವೈದ್ಯ. ವರ್ಷವರ್ಷ ಒಂದೇ ಋತುವಿನಲ್ಲಿ ನರಳೋ ನಾಯಿ. ಪರೀಕ್ಷೆ ಮಾಡಿದರೆ ರ‍್ಯಾಗ್‌ವೀಡ್ ಅನ್ನೋ ಕಳೆಯ ಪರಾಗ ಕಾರಣ. ಅದೇ ಪರಾಗದ ಸಾರವನ್ನು ಹನಿಹನಿಯಾಗಿ ಚುಚ್ಚಿ ಅಭ್ಯಾಸ ಮಾಡಿಸೋ ಚಿಕಿತ್ಸೆನೂ ಕೊಟ್ಟ. ಆ ಕಳೆ ಯಾವುದು ಗೊತ್ತಾ? ನಮ್ಮ ಹೊಲದ ಬದುವಿನಲ್ಲಿ ಬಿಳಿ ಹೂ ಬಿಟ್ಟು ನಿಂತಿರೋ ಕಾಂಗ್ರೆಸ್ ಗಿಡದ ಹತ್ತಿರದ ನೆಂಟ. 1964ರಲ್ಲಿ ಹಾಲೆಂಡಿನವರು ಮನೆ ಧೂಳಿನ ಅಲರ್ಜಿಗೆ ಧೂಳಿನಲ್ಲಿರೋ ನುಸಿ ಕಾರಣ ಅಂತ ಕಂಡುಹಿಡಿದರು. ಮತ್ತೆ ನುಸಿ! ಆದರೆ ಈ ನುಸಿ ನಾಯಿಯನ್ನು ಕಚ್ಚಲ್ಲ, ಬಿಲ ತೋಡಲ್ಲ. ಗೋಣಿಚೀಲದಲ್ಲಿ, ಹಳೇ ಕಂಬಳಿಯಲ್ಲಿ ತನ್ನ ಪಾಡಿಗೆ ಇರ್ತದೆ. ಅದರ ಹಿಕ್ಕೆ, ಸತ್ತ ಮೈಪುಡಿ ನಾಯಿಯ ಚರ್ಮಕ್ಕೆ ತಾಗಿದರೆ ಸಾಕು. ನಾಯಿ ಮೈಗೆ ಎಷ್ಟು ಗಂಧಕ ಬಳಿದರೂ ಇದಕ್ಕೆ ಏನೂ ಆಗಲ್ಲ.

ಇಂಥ ನಾಯಿಯ ಲಕ್ಷಣ ಬೇರೆ. ಹೆಚ್ಚಾಗಿ ಆರು ತಿಂಗಳಿಂದ ಮೂರು ವರ್ಷದೊಳಗೆ ಶುರುವಾಗ್ತದೆ. ಪಾದ ನೆಕ್ಕಿ ನೆಕ್ಕಿ ಕೂದಲು ತುಕ್ಕಿನ ಬಣ್ಣ, ಕಿವಿ ಪದೇಪದೇ ಕೆಂಪಾಗಿ ಸೋರೋದು, ಕಂಕುಳು, ಹೊಟ್ಟೆ ಕೆಂಪು. ಆಮೇಲೆ ಅದರ ಮೇಲೆ ಕೀವು, ಬೂಸ್ಟು ಸೇರಿ ಹಳಸಲು ವಾಸನೆ. ಊಟದ ಅಲರ್ಜಿಯೂ ಹೀಗೇ ಕಾಣ್ತದೆ, ಎಂಟು ವಾರ ಹಿಂದೆಂದೂ ತಿನ್ನದ ಒಂದೇ ಬಗೆ ಮಾಂಸ, ಒಂದೇ ಧಾನ್ಯ ಕೊಟ್ಟು ನೋಡಿದರೇ ತಿಳಿಯೋದು. ನಡುವೆ ಯಾರೂ ಬಿಸ್ಕತ್ತು ಹಾಕಬಾರದು. ಅಜ್ಜಿ ಇರೋ ಮನೆಯಲ್ಲಿ ಇದು ಕಷ್ಟ ಬಿಡಿ.

ಚಿಗಟದ್ದು ಇನ್ನೊಂದು ಕಥೆ. ಚಿಗಟ ಕಚ್ಚಿದರೆ ಎಲ್ಲ ನಾಯಿಗೂ ತುರಿಕೆ ನಿಜ, ಆದರೆ ಕೆಲವಕ್ಕೆ ಚಿಗಟದ ಜೊಲ್ಲಿಗೇ ಅಲರ್ಜಿ. ಎರಡೇ ಚಿಗಟ ಕಚ್ಚಿದರೂ ಬಾಲದ ಬುಡ, ಸೊಂಟ, ಹಿಂದೊಡೆ ಕಿತ್ತು ಹಾಕ್ತವೆ. ನಾಯಿ ಮೈ ತಡಕಿ ‘ಚಿಗಟವೇ ಇಲ್ಲ’ ಅಂತೀವಿ. ಇರೋದು ನೆಲದಲ್ಲಿ. ಮೊಟ್ಟೆ ಉದುರಿ, ಮರಿಹುಳ, ಗೂಡು ಎಲ್ಲ ನಾಯಿ ಮಲಗೋ ಬೂದಿಗುಂಡಿ, ಕೊಟ್ಟಿಗೆ ಮೂಲೆ, ಹುಲ್ಲಿನ ಮೆದೆ ಅಡಿಯಲ್ಲಿ. ಗೂಡಿನೊಳಗೆ ತಿಂಗಳುಗಟ್ಟಲೆ ಕಾದು ನಾಯಿ ಓಡಾಡಿದ ಅದುರಿಗೆ ಹೊರಬರ್ತವೆ.

ಚಿಗಟಕ್ಕೆ 1990ರ ದಶಕದಲ್ಲಿ ಬಂದ ಮದ್ದುಗಳ ಹೆಸರು ಕೇಳಿದರೆ ನಿಮಗೆ ನಗು ಬರ್ತದೆ. ಫಿಪ್ರೊನಿಲ್, ಇಮಿಡಾಕ್ಲೋಪ್ರಿಡ್. ಭತ್ತದ ಕಾಂಡಕೊರಕಕ್ಕೆ ಹಾಕೋ ರೀಜೆಂಟ್, ಜಿಗಿಹುಳಕ್ಕೆ ಹೊಡೆಯೋ ಕಾನ್ಫಿಡಾರ್, ಎರಡರ ಒಳಗಿರೋದೂ ಇವೇ. ಹತ್ತು ವರ್ಷದಿಂದೀಚೆಗೆ ಬಂದ ಫ್ಲುರಲನರ್ ಮಾತ್ರೆ ಜಪಾನಿನ ನಿಸ್ಸಾನ್ ಕೆಮಿಕಲ್ ಕಂಪನಿಯ ಸಂಶೋಧನೆ. ಅದೇ ಕಂಪನಿಯ ಅದೇ ಮನೆತನದ ಇನ್ನೊಂದು ಮದ್ದು ಮೆಣಸಿನಕಾಯಿ ಥ್ರಿಪ್ಸಿಗೆ ಗ್ರಾಸಿಯಾ ಅಂತ ಬರ್ತದೆ. ಹಾಗಂತ ಹೊಲದ ಬಾಟಲಿಯಿಂದ ಒಂದು ಮುಚ್ಚಳ ನಾಯಿಗೆ ಹಾಕಿಬಿಡಬೇಡಿ. ಬೆರೆಸಿರೋ ದ್ರಾವಕ ಬೇರೆ, ಗಾಢತೆ ಬೇರೆ, ಗಿಡ ನೆಕ್ಕಲ್ಲ ನಾಯಿ ನೆಕ್ಕುತ್ತೆ. ಫ್ಲುರಲನರ್ ಜಾತಿಯ ಮಾತ್ರೆ ಒಂದೇ ಏಟಿಗೆ ಚಿಗಟ, ಉಣ್ಣೆ, ಎರಡೂ ಬಗೆಯ ನುಸಿಯನ್ನು ಹಿಡೀತದೆ. ಬೆಲೆ ಜಾಸ್ತಿ, ಫಿಟ್ಸ್ ಬರೋ ನಾಯಿಗೆ ಕೊಡುವಾಗ ಎಚ್ಚರ ಬೇಕು ಅಂತ ಅಮೆರಿಕದ ಔಷಧ ಇಲಾಖೆ 2018ರಲ್ಲಿ ಹೇಳಿದೆ.

ಕೊನೆಗೆ ಸೂಜಿಯ ವಿಷಯ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಕೀಲುನೋವಿನ ರೋಗಿಗೆ ಮೊದಲು ಕೊಟ್ಟ ಕಾರ್ಟಿಸೋನ್, ಅದರ ಮನೆತನದ ಪ್ರೆಡ್ನಿಸೊಲೋನ್, ಡೆಕ್ಸಾ ಇವೇ ನಮ್ಮೂರಲ್ಲಿ ‘ನವೆ ಸೂಜಿ’. ಯಾವ ನವೆಯಾದರೂ ಸಂಜೆಯೊಳಗೆ ನಿಲ್ತದೆ, ಅದಕ್ಕೇ ಅದಕ್ಕೆ ಅಷ್ಟು ಹೆಸರು. ಅಲರ್ಜಿಯ ನಾಯಿಗೆ ಕೆಲವು ದಿನ ಇದರಿಂದ ನಿಜವಾದ ನೆಮ್ಮದಿ. ತಿಂಗಳುಗಟ್ಟಲೆ ಆದರೆ ನೀರಡಿಕೆ, ಉಚ್ಚೆ, ಹಸಿವು ವಿಪರೀತ, ಹೊಟ್ಟೆ ಜೋತುಬೀಳ್ತದೆ, ಚರ್ಮ ತೆಳ್ಳಗಾಗ್ತದೆ. ಡೆಮೊಡೆಕ್ಸ್ ಇರೋ ಮರಿಗೆ ಹಾಕಿದರಂತೂ ಇದ್ದ ಶಕ್ತಿಯೂ ಕುಗ್ಗಿ ಎರಡು ಬಿಲ್ಲೆ ಇದ್ದದ್ದು ಮೈಯೆಲ್ಲ ಆಗ್ತದೆ. ಕಜ್ಜಿ ಒಂದೇ ಅಂದುಕೊಂಡರೆ ನಾಯಿ ಕಳ್ಕೊಳ್ಳೋದು ಇಲ್ಲೇ. ಸೂಜಿಗೆ ವಾಸಿಯಾಗಲಿಲ್ಲ, ಇನ್ನು ವಾಸಿಯಾಗಲ್ಲ ಅಂತ ಊರಾಚೆ ಬಿಟ್ಟು ಬರ್ತಾರೆ. ಅಂಥ ಎಷ್ಟೋ ಮರಿಗಳು ಸರಿಯಾದ ಮದ್ದಿಗೆ ಎರಡು ಮೂರು ತಿಂಗಳಲ್ಲಿ ಮೈತುಂಬ ಕೂದಲು ಬರಿಸ್ಕೊಳ್ಳೋವೇ.

ಸ್ಟಿರಾಯ್ಡ್ ಬಿಟ್ಟು ಬೇರೆ ದಾರಿ ಈಗಿವೆ. ನಾರ್ವೆಯ ಬೆಟ್ಟದ ಮಣ್ಣಿನಲ್ಲಿ ಸಿಕ್ಕ ಬೂಸ್ಟಿನಿಂದ ಬಂದ ಸೈಕ್ಲೋಸ್ಪೊರಿನ್ ಒಂದು, ಮತ್ತೆ ಮಣ್ಣೇ ನೋಡಿ. ಇನ್ನೊಂದು, ನವೆಯ ಸುದ್ದಿಯನ್ನು ನರಕ್ಕೆ ಮುಟ್ಟಿಸೋ ಇಂಟರ್‌ಲ್ಯೂಕಿನ್-31 ಅನ್ನೋ ವಸ್ತು 2004ರಲ್ಲಿ ಪತ್ತೆಯಾಯ್ತು. ಆ ಸುದ್ದಿಗೆ ಅಡ್ಡ ಹಾಕೋ ಒಕ್ಲಾಸಿಟಿನಿಬ್ ಮಾತ್ರೆಗೆ 2013ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು, ಆಮೇಲೆ ಲೋಕಿವೆಟ್‌ಮ್ಯಾಬ್ ಸೂಜಿ ಬಂತು. ಇವು ಅಲರ್ಜಿಯನ್ನು ಬೇರುಸಹಿತ ಕೀಳಲ್ಲ, ನವೆ ನಿಲ್ಲಿಸ್ತವೆ. ಖರ್ಚು ಪಟ್ಟಣದವರಿಗೇ ಭಾರ.

ನಮ್ಮ ಕೈಗೆಟುಕೋ ಕೆಲಸ ಅಂದ್ರೆ ಯಾವ ನವೆ ಅಂತ ಮೊದಲು ತಿಳ್ಕೊಳ್ಳೋದು. ಅದಕ್ಕೆ ದೊಡ್ಡ ಯಂತ್ರ ಬೇಡ. ಮೊಂಡು ಬ್ಲೇಡಿನಲ್ಲಿ ಹುಣ್ಣಿನ ಅಂಚನ್ನು ರಕ್ತ ಜಿನುಗೋವರೆಗೆ ಕೆರೆದು, ಎಣ್ಣೆ ಹನಿಯಲ್ಲಿ ಗಾಜಿನ ಮೇಲೆ ಹರಡಿ, ಸೂಕ್ಷ್ಮದರ್ಶಕದಲ್ಲಿ ನೋಡೋದು. ಕಾರ್ಸಿಕಾದ ಹೆಂಗಸರ ಸೂಜಿ ಕೆಲಸವೇ ಇದು. ಡೆಮೊಡೆಕ್ಸ್ ಇದ್ದರೆ ಸಾಮಾನ್ಯವಾಗಿ ಕಂಡೇ ಕಾಣ್ತದೆ. ಬಿಲ ತೋಡೋದು ಎಷ್ಟೋ ಸಲ ಸಿಗಲ್ಲ, ಸಿಗದಿದ್ದರೂ ಲಕ್ಷಣ ನೋಡಿ ಮದ್ದು ಕೊಟ್ಟು ಪರೀಕ್ಷೆ ಮಾಡ್ತಾರೆ. ಪಶು ಆಸ್ಪತ್ರೆಗೆ ಕರ್ಕೊಂಡು ಹೋದಾಗ ಚರ್ಮ ಕೆರೆದು ನೋಡಿ ಸಾರ್ ಅಂತ ನೀವೇ ಬಾಯಿಬಿಟ್ಟು ಕೇಳಿ. ಹೋಗೋ ಮುಂಚೆ ಮೈಗೆ ಯಾವ ಎಣ್ಣೆ, ಪುಡಿ ಹಚ್ಚಬೇಡಿ, ಹಿಂದೆ ಹಾಕಿಸಿದ ಸೂಜಿಯ ಚೀಟಿ ಜೊತೆಗಿರಲಿ, ಮನೆಯಲ್ಲಿ ಯಾರಿಗಾದರೂ ಗುಳ್ಳೆ ಎದ್ದಿದ್ದರೆ ಅದನ್ನೂ ಹೇಳಿ. ನಾಯಿ ಮಲಗೋ ಗೋಣಿಚೀಲ ಸುಟ್ಟುಬಿಡಿ, ಹೊಸದು ಹಾಸಿ, ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ.